ಮೇಸ್ತ್ರಿಗೂ ಒಂದು ಓದು

ಸಿ.ಎಸ್. ಪುರದ ಕಡೆ ಫೋರ್‌ಮನ್ ಅಂದರೆ ಮೇಸ್ತ್ರಿ. ಗಟ್ಟಿ ಗಂಟಲು, ನಾಲ್ಕು ಜನರನ್ನು ಗದರಿಸುವ ಎದೆಗಾರಿಕೆ ಇದ್ದರೆ ಸಾಕು, ಅದಕ್ಕೂ ಒಂದು ಓದು ಉಂಟೇ ಎನ್ನುವವರೇ ಹೆಚ್ಚು. ಉಂಟು ಸ್ವಾಮಿ. ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಕೇಂದ್ರ ಸರ್ಕಾರ 1971ರಲ್ಲಿ ಜರ್ಮನಿಯ ನೆರವಿನಿಂದ ಆರಂಭಿಸಿದ ಫೋರ್‌ಮನ್ ತರಬೇತಿ ಸಂಸ್ಥೆ ಹುಟ್ಟಿದ್ದೇ ಇದಕ್ಕೆ. 1982ರಲ್ಲಿ ಜಮ್‌ಷೆಡ್‌ಪುರದಲ್ಲೂ ಅಂಥದೊಂದು ಬಂತು.

ಐಟಿಐನಲ್ಲಿ ಫಿಟ್ಟರ್ ಕಲಿತು, ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಐದಾರು ವರ್ಷ ದುಡಿದಿದ್ದ ಈ ಊರಿನ ಹುಡುಗನೊಬ್ಬನನ್ನು ಮಾಲೀಕರು ಇಂಥ ತರಬೇತಿಗೆ ಕಳಿಸಿದರು. ಅಪ್ಪನಿಗೆ ಸಮಾಧಾನವಿಲ್ಲ. “ಎಂಜಿನಿಯರೂ ಅಲ್ಲ, ಕೆಲಸಗಾರನೂ ಅಲ್ಲ, ಇದ್ಯಾವ ಓದು ಮಗಾ?” ದೊಡ್ಡಪ್ಪ ತುಮಕೂರಿನ ಎಚ್‌ಎಂಟಿಯಲ್ಲಿ ಕೈಗಡಿಯಾರ ಜೋಡಿಸಿ ನಿವೃತ್ತರಾದವರು. ಆ ಗಡಿಯಾರಗಳ ಕಥೆಯೂ 2016ರಲ್ಲಿ ಮುಗಿಯಿತು. ಹುಡುಗನ ಕೈಗೆ ಬಂದದ್ದು ಸ್ಟಾಪ್‌ವಾಚು.

ಅವನ ಲೈನಿನಲ್ಲಿ ಐದು ಮೇಜು. ಸಾಮಾನು ಒಂದರಿಂದ ಇನ್ನೊಂದಕ್ಕೆ ಸಾಗಬೇಕು. ಅಳೆದು ನೋಡಿದರೆ 40, 45, 70, 50, 35 ಸೆಕೆಂಡು. ಮಿಕ್ಕ ನಾಲ್ವರು ಎಷ್ಟೇ ಚುರುಕಾದರೂ ಗಂಟೆಗೆ 51ಕ್ಕಿಂತ ಹೆಚ್ಚು ಹೊರಬೀಳದು. 3600ನ್ನು 70ರಿಂದ ಭಾಗಿಸಿ ನೋಡಿ. ಅಡಿಕೆ ಮನೆಯವರಿಗೆ ಇದೇನು ಹೊಸತಲ್ಲ. ಹತ್ತು ಜನ ಸುಲಿದರೂ ಬೇಯಿಸುವ ಹಂಡೆ ಒಂದೇ ಇದ್ದರೆ ಆ ದಿನದ ಲೆಕ್ಕ ಹಂಡೆಯದೇ.

70 ಸೆಕೆಂಡಿನ ಮೇಜಿನಲ್ಲಿದ್ದವರು ಐವತ್ತೈದು ದಾಟಿದ ಹಿರಿಯರು. ಇವನಿಗೆ ಅರ ಹಿಡಿಯುವುದನ್ನು ಕಲಿಸಿದವರೇ ಅವರು. ಅವರನ್ನು ಗುಡಿಸುವ ಕೆಲಸಕ್ಕೆ ಹಾಕಿ, ಆ ಜಾಗಕ್ಕೆ ಹೊಸಬನನ್ನು ಕೂರಿಸು ಎಂದು ಮೇಲಿನವರು ಹೇಳಿದರು. ಕಾಗದದ ಲೆಕ್ಕವೂ ಅದನ್ನೇ ಹೇಳುತ್ತಿತ್ತು. ಹುಡುಗ ಒಂದು ವಾರ ಗಡುವು ಕೇಳಿದ.

ತರಬೇತಿಯಲ್ಲಿ ಅಮೆರಿಕದ ಫ್ರಾಂಕ್ ಗಿಲ್‌ಬ್ರೆತ್ ಎಂಬಾತನ ಪಾಠವಿತ್ತು. ಇಟ್ಟಿಗೆ ಕಟ್ಟುವಾಗಿನ 18 ಚಲನೆಗಳನ್ನು ಸುಮಾರು 5ಕ್ಕೆ ಇಳಿಸಿದವನು. ಅವನೇನೂ ಗಾರೆಯವರನ್ನು ಗದರಿಸಲಿಲ್ಲ. ಪ್ರತಿ ಇಟ್ಟಿಗೆಗೂ ಅವರು ನೆಲದವರೆಗೆ ಬಗ್ಗಬೇಕಿತ್ತು. ಇಟ್ಟಿಗೆಯನ್ನೇ ಕೈಯೆತ್ತರಕ್ಕೆ ತಂದ, ಅಷ್ಟೆ. ಹುಡುಗ ಗಡಿಯಾರ ಜೇಬಿಗಿಟ್ಟು ಹಿರಿಯರನ್ನೇ ನೋಡುತ್ತಾ ನಿಂತ. ಬಿಡಿಭಾಗಗಳ ಟ್ರೇ ಅವರ ಬೆನ್ನ ಹಿಂದೆ, ನೆಲದ ಮೇಲೆ! ಪ್ರತಿಸಲವೂ ತಿರುಗಿ, ಬಗ್ಗಿ, ಸೊಂಟ ಹಿಡಿದು ಏಳುತ್ತಿದ್ದರು. ಮೇಜು ಹಾಕಿದ ದಿನದಿಂದ ಅದು ಅಲ್ಲೇ ಇತ್ತು, ಯಾರೂ ಕೇಳಿರಲಿಲ್ಲ.

ಸಂಜೆ ಒಂದು ಸ್ಟೂಲು ತಂದು, ಟ್ರೇಯನ್ನು ಬಲಗೈ ಪಕ್ಕಕ್ಕೆ ಇಟ್ಟ.

“ಯಾವನ್ಲಾ ನನ್ನ ಟ್ರೇ ಎತ್ತಿಟ್ಟಿದ್ದು?” ಎಂದು ಮರುದಿನ ಅವರು ಗುಡುಗಿದರು. ಎರಡು ದಿನ ಟ್ರೇ ಮತ್ತೆ ನೆಲದ ಮೇಲೆ. ಮೂರನೆಯ ದಿನ ಸೊಂಟವೇ ಬುದ್ಧಿ ಹೇಳಿತೋ ಏನೋ, ತಾವೇ ಅದನ್ನು ಸ್ಟೂಲಿಗೇರಿಸಿ, ಗೇಣುದ್ದ ಹತ್ತಿರಕ್ಕೂ ಎಳೆದುಕೊಂಡರು. 70 ಇದ್ದದ್ದು 52ಕ್ಕೆ ಬಂತು, ಗಂಟೆಗೆ 69. ಮೇಲಿನವರು ಅಂಕಿ ನೋಡಿ ಸುಮ್ಮನಾದರು. ಹಿರಿಯರು ನಿವೃತ್ತಿಯವರೆಗೂ ಅದೇ ಮೇಜಿನಲ್ಲಿದ್ದರು. ಸ್ಟೂಲಿನ ಸುದ್ದಿಯನ್ನು ಮಾತ್ರ ಇಬ್ಬರೂ ಎತ್ತಲಿಲ್ಲ.