ಬನದ ಹುಣ್ಣಿಮೆಯಿಂದ ಬನದ ಹುಣ್ಣಿಮೆಗೆ

ನಾಟಕದ ಹುಚ್ಚು ಒಮ್ಮೆ ಹಿಡಿಯಿತೆಂದರೆ ಬಿಡುವಂಥದಲ್ಲ. ಅದಕ್ಕೆ ಮದ್ದು ಕೊಡಬಲ್ಲ ವೈದ್ಯನಿಲ್ಲ; ಇದ್ದರೂ ಅವನ ಬಾಗಿಲಿಗೆ ಹೋಗುವ ರೋಗಿಯಿಲ್ಲ. ಗದಗಿನ ಕಡೆಯ ನಿವೃತ್ತ ಶಾಲಾ ಮಾಸ್ತರರೊಬ್ಬರು ಅಂಥ ಸುಖಿ ರೋಗಿಗಳಲ್ಲಿ ಒಬ್ಬರು. 2023ರ ಬನದ ಹುಣ್ಣಿಮೆಯಿಂದ ಮರುವರ್ಷದ ಬನದ ಹುಣ್ಣಿಮೆಯವರೆಗೆ ಅವರು ನೋಡಿದ ನಾಟಕಗಳ ಟಿಕೆಟ್ಟಿನ ತುಣುಕುಗಳೆಲ್ಲ ಒಂದು ತಗಡಿನ ಡಬ್ಬಿಯಲ್ಲಿ ಭದ್ರವಾಗಿವೆ. ಆ ವರ್ಷ ಅಧಿಕ ಶ್ರಾವಣ ಬಂದುದರಿಂದ ಹುಣ್ಣಿಮೆಯಿಂದ ಹುಣ್ಣಿಮೆಗೆ ಹದಿಮೂರು ತಿಂಗಳಾದುವು. ಉಳಿದವರಿಗೆ ಅದು ಪಂಚಾಂಗದ ಲೆಕ್ಕ. ಮಾಸ್ತರರಿಗೆ ಸುಮ್ಮನೆ ದೊರೆತ ಒಂದು ತಿಂಗಳ ನಾಟಕ.

ಬಾದಾಮಿಯಿಂದ ಸುಮಾರು ಐದು ಕಿಲೋಮೀಟರ್ ದೂರದಲ್ಲಿ, ಚೊಳಚಗುಡ್ಡದ ಬಳಿ, ಬನಶಂಕರಿ ದೇವಿಯ ಗುಡಿಯಿದೆ. ದೇವಿಗೆ ಶಾಕಾಂಬರಿಯೆಂದೂ ಹೆಸರು. ಬಗೆಬಗೆಯ ಕಾಯಿಪಲ್ಯಗಳ ನೈವೇದ್ಯ ಮುಗಿದು, ಹುಣ್ಣಿಮೆಯಂದು ತೇರು ಎಳೆದ ಮೇಲೆ ಜಾತ್ರೆ ತಿಂಗಳುಗಟ್ಟಲೆ ನಡೆಯುತ್ತದೆ. ಹಗಲು ಹೊತ್ತು ಮರದ ಬಾಗಿಲು ಚೌಕಟ್ಟುಗಳ ವ್ಯಾಪಾರ; ರಾತ್ರಿಯಾದೊಡನೆ ನಾಟಕದ ಕಂಪನಿಗಳ ದರ್ಬಾರು. ತಗಡು ತಾಡಪಾಲುಗಳ ಥಿಯೇಟರುಗಳು ಸಾಲಾಗಿ ನಿಂತು, ಒಂದರ ಧ್ವನಿವರ್ಧಕವು ಇನ್ನೊಂದನ್ನು ಮೀರಿಸಿ ಕೂಗುತ್ತದೆ. ಊರಿಗೆ ಬಂದವಳು ನೀರಿಗೆ ಬಾರದಿರುವಳೆ? ಜಾತ್ರೆಗೆ ಬಂದವರು ನಾಟಕ ನೋಡದೆ ಮರಳುವುದುಂಟೆ? ಅಲ್ಲಿಯ ಪ್ರೇಕ್ಷಕರು ಬಾಯಿ ಮುಚ್ಚಿ ಕುಳಿತುಕೊಳ್ಳುವವರಲ್ಲ. ಖಳನಾಯಕನನ್ನು ಬೈಯುತ್ತಾರೆ, ಹಾಸ್ಯಗಾರನ ಮಾತಿಗೆ ಮರುಮಾತು ಎಸೆಯುತ್ತಾರೆ, ಹಾಡು ಹಿಡಿಸಿದರೆ "ಒನ್ಸ್ ಮೋರ್" ಎಂದು ಕೂಗಿ ಮತ್ತೆ ಹಾಡಿಸುತ್ತಾರೆ.

ಈ ಕೂಗಿನ ಹಿಂದೆ ಅನ್ನದ ಪ್ರಶ್ನೆಯೂ ಇದೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ವೈಭವದ ಕಾಲ ಇಂದಿಲ್ಲ. 'ಕುರುಕ್ಷೇತ್ರ'ಕ್ಕಾಗಿ ವೀರಣ್ಣನವರು ಆನೆ ಕುದುರೆಗಳನ್ನೇ ರಂಗಕ್ಕೆ ತಂದುದು ಈಗ ಹಿರಿಯರ ಬಾಯಲ್ಲಿ ಉಳಿದ ಕಥೆ. ಇಂದಿನ ಕಂಪನಿಗಳಿಗೆ ಜಾತ್ರೆಯ ಕಲೆಕ್ಷನ್ನೇ ದೊಡ್ಡ ಆಸರೆ. 2020ರ ಮಾರ್ಚಿಯಲ್ಲಿ ಮಹಾಮಾರಿಯಿಂದ ಥಿಯೇಟರುಗಳು ಮುಚ್ಚಿದಾಗ, ಬಣ್ಣ ಒರೆಸಿ ಕೂಲಿಗೆ ಹೋದ ಕಲಾವಿದರೂ ಉಂಟು. ಇದೆಲ್ಲವೂ ಮಾಸ್ತರರಿಗೆ ಗೊತ್ತು. ಆದರೂ ಅವರು ಕೂಗಿದವರಲ್ಲ. ಮೂವತ್ತು ವರ್ಷ ಮಕ್ಕಳಿಗೆ "ಸದ್ದು!" ಎಂದು ಗದರಿದವರು ತಾವೇ ಸದ್ದು ಮಾಡುವುದು ಹೇಗೆ?

ಅವರ ಸ್ವಭಾವಕ್ಕೆ ಒಪ್ಪಿದ್ದು ಬೆಂಗಳೂರಿನ ರಂಗಶಂಕರ. ಬೇಸಗೆಯಲ್ಲಿ ಮಗಳ ಮನೆಗೆ ಹೋದವರು ಮೊಮ್ಮಕ್ಕಳಿಗಿಂತ ಹೆಚ್ಚು ಸಂಜೆಗಳನ್ನು ಅಲ್ಲಿಗೇ ಕೊಟ್ಟರು. ಶಂಕರನಾಗರ ನೆನಪಿಗಾಗಿ ಕಟ್ಟಿ, 2004ರಲ್ಲಿ ತೆರೆದ ಈ ರಂಗಮಂದಿರದಲ್ಲಿ ಆಟ ತೊಡಗಿತೆಂದರೆ ಬಾಗಿಲು ಮುಚ್ಚಿತು. ತಡವಾಗಿ ಬಂದವರು ಎಷ್ಟೇ ದೊಡ್ಡವರಾದರೂ ಹೊರಗೇ. ಒಳಗೆ ಕತ್ತಲು, ನಿಶ್ಶಬ್ದ. ನಟಿಯೊಬ್ಬಳ ನಿಟ್ಟುಸಿರು ಕೊನೆಯ ಸಾಲಿಗೂ ಕೇಳುತ್ತದೆ. ನಿಶ್ಶಬ್ದವೂ ಪ್ರೇಕ್ಷಕನು ನಟನಿಗೆ ಸಲ್ಲಿಸುವ ಕಾಣಿಕೆಯೆಂದು ಮಾಸ್ತರರಿಗೆ ತೋರಿತು.

ಮಳೆ ಹಿಂಜರಿದ ಮೇಲೆ ಅವರು ಸಾಗರ ತಾಲೂಕಿನ ಹೆಗ್ಗೋಡಿಗೆ ಹೋದರು. ಅಡಕೆ ತೋಟಗಳ ನಡುವಿನ ಆ ಹಳ್ಳಿಯಲ್ಲಿ 1949ರಲ್ಲಿ ಮೊಳೆತ ನೀನಾಸಂ, ಕೆ. ವಿ. ಸುಬ್ಬಣ್ಣನವರ ಮುಂದಾಳುತನದಲ್ಲಿ ಬೆಳೆದು, 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ 'ತಿರುಗಾಟ'ವನ್ನೂ ಆರಂಭಿಸಿತು. ತಿರುಗಾಟದ ತಂಡವು ನಾಟಕದ ಸಾಮಗ್ರಿಗಳನ್ನೆಲ್ಲ ತನ್ನೊಡನೆಯೇ ಒಯ್ದು ನಾಡಿನ ಊರೂರುಗಳನ್ನು ಸುತ್ತುತ್ತದೆ. ಅಲ್ಲಿಯ ಶಿಬಿರದ ಪದ್ಧತಿಯೇ ಬೇರೆ: ರಾತ್ರಿ ಕಂಡ ನಾಟಕವನ್ನು ಕುರಿತು ಬೆಳಗ್ಗೆ ಎಲ್ಲರೂ ಕೂಡಿ ಚರ್ಚಿಸುತ್ತಾರೆ. ಕಾಲೇಜಿನ ಹುಡುಗಿಯೊಬ್ಬಳು ಎದ್ದುನಿಂತು ನಿರ್ದೇಶಕರನ್ನೇ ಪ್ರಶ್ನಿಸಿದಾಗ ಮಾಸ್ತರರು ಬೆರಗಾದರು. ನೋಡಿ ಬಂದರಷ್ಟೇ ಸಾಲದು, ನೋಡಿದ್ದಕ್ಕೆ ಉತ್ತರವನ್ನೂ ಕೊಡಬೇಕು ಎಂಬ ಮಾತು ಅವರ ಮನಸ್ಸಿನಲ್ಲಿ ನಿಂತಿತು.

ಊರಿಗೆ ಮರಳಿದಾಗ ಹೆಂಡತಿ ಕೇಳಿದರು: "ಅದೇ ಬಣ್ಣ, ಅದೇ ಪರದೆ. ಏನ್ ಸಿಗತೈತ್ರೀ ನಿಮಗ ಅದರಾಗ?" ಮಾಸ್ತರರು ಡಬ್ಬಿಯನ್ನು ಅಲುಗಿಸಿ ನಕ್ಕರು. ಉತ್ತರ ಅವರಿಗೂ ಹೊಳೆದಿರಲಿಲ್ಲ.

ಅದು ಹೊಳೆದುದು 2024ರ ಜಾತ್ರೆಯಲ್ಲಿ. ಆ ವರ್ಷದ ಬನದ ಹುಣ್ಣಿಮೆ ಜನವರಿ 25ರಂದು. ತೇರಿನ ಗದ್ದಲವೆಲ್ಲ ಅಡಗಿದ ಮೇಲೊಂದು ರಾತ್ರಿ, ಕೊರೆಯುವ ಚಳಿಯಲ್ಲಿ, ಅವರು ಹೋಗಿ ಕುಳಿತ ಥಿಯೇಟರಿನಲ್ಲಿ ಜನಕ್ಕಿಂತ ಬರಿಯ ಕುರ್ಚಿಗಳೇ ಹೆಚ್ಚಾಗಿದ್ದುವು. ಆಟ ರದ್ದಾಗಬಹುದೆಂದು ಪಕ್ಕದವರು ಪಿಸುಗುಟ್ಟಿದರು. ಆದರೆ ಪರದೆ ಸರಿಯಿತು. ವಯಸ್ಸಾದ ಹಾಸ್ಯಗಾರನೊಬ್ಬ ಬಂದು, ಥಿಯೇಟರು ಕಿಕ್ಕಿರಿದಿದೆಯೆಂಬಂತೆ ಕೊನೆಯ ಸಾಲಿನವರೆಗೆ ಕೈಮುಗಿದು ಹಾಡತೊಡಗಿದ. ಒಂದು ಮಾತನ್ನೂ ನುಂಗಲಿಲ್ಲ, ಒಂದು ಹೆಜ್ಜೆಯನ್ನೂ ಉಳಿಸಿಕೊಳ್ಳಲಿಲ್ಲ. ಹಾಡು ಮುಗಿದಾಗ ಚಪ್ಪಾಳೆ ಅಲ್ಲೊಂದು ಇಲ್ಲೊಂದು ಬಿದ್ದು ನಿಂತುಹೋಯಿತು. ಹಾಸ್ಯಗಾರ ಒಂದು ಕ್ಷಣ ಹಾಗೆಯೇ ನಿಂತಿದ್ದ.

ಚಿತ್ರವನ್ನು ಗೋಡೆ ಕಾಯುತ್ತದೆ, ಕಾವ್ಯವನ್ನು ಪುಸ್ತಕ ಕಾಯುತ್ತದೆ. ನಾಟಕವನ್ನು ಕಾಯುವುದಕ್ಕೆ ಅಂದು ಬಂದು ಕುಳಿತವರಲ್ಲದೆ ಬೇರೆ ಯಾರೂ ಇಲ್ಲ. ಮಾಸ್ತರರು ಶಾಲನ್ನು ಸರಿಸಿ ಎದ್ದುನಿಂತು, ಜೀವಮಾನದಲ್ಲಿ ಮೊದಲ ಬಾರಿಗೆ, ದನಿ ನಡುಗಿದರೂ ಗಟ್ಟಿಯಾಗಿಯೇ ಕೂಗಿದರು: "ಒನ್ಸ್ ಮೋರ್!"

ಹಾಸ್ಯಗಾರ ಇನ್ನೊಮ್ಮೆ ಹಾಡಿದ.