ಗೂಡಲೂರಿನ ತಾಯಂದಿರ ದಾರಿ

ಗುಂಡ್ಲುಪೇಟೆಯಿಂದ ದಕ್ಷಿಣಕ್ಕೆ ಹೊರಟರೆ ಮೊದಲು ಬಂಡೀಪುರ, ಅದರ ಬೆನ್ನಿಗೇ ಮುದುಮಲೆ. ತೆಪ್ಪಕಾಡಿನಲ್ಲಿ ಮೋಯಾರ್ ಹೊಳೆ ದಾಟಿ ಮುಂದೆ ಸಾಗಿದರೆ ನೀಲಗಿರಿ ಜಿಲ್ಲೆಯ ಗೂಡಲೂರು. ತಮಿಳು, ಮಲಯಾಳ, ಕನ್ನಡ ಮೂರೂ ಕಿವಿಗೆ ಬೀಳುವ ಊರು ಇದು. ಊಟಿ ನೋಡಲು ಹೋಗುವ ನಾವೆಲ್ಲ ಇಲ್ಲಿ ಚಹಾ ಕುಡಿದು ಘಾಟಿ ಹತ್ತಿಬಿಡುತ್ತೇವೆ. ಈ ಸಲ ನಾವು ಇಲ್ಲಿಯೇ ಇಳಿದೆವು.

ಸುತ್ತಲಿನ ಚಹಾ ತೋಟಗಳ ಅಂಚಿನಲ್ಲಿ, ಕಾಡಿನ ಒಳಗೆ ಪಣಿಯ, ಬೆಟ್ಟ ಕುರುಂಬ, ಮುಳ್ಳು ಕುರುಂಬ, ಕಾಟ್ಟುನಾಯಕ ಜನರ ಹಾಡಿಗಳಿವೆ. ಬೆಟ್ಟ ಕುರುಂಬರ ಮಾತು ಕನ್ನಡಕ್ಕೆ ನಂಟಿನದು. ಕಾಟ್ಟುನಾಯಕರು ನಮ್ಮ ಜೇನು ಕುರುಬರ ಬಳಗದವರು. ಅನೇಕ ಹಾಡಿಗಳಿಂದ ರಸ್ತೆಗೆ ಕಾಲುದಾರಿಯೇ ಗತಿ. ಕತ್ತಲಾದರೆ ಆನೆಯ ಭಯ. ನಡುರಾತ್ರಿ ಹೆರಿಗೆ ನೋವು ಬಂದರೆ ಜೀಪು ಸಿಗಬೇಕು, ಬಾಡಿಗೆಗೆ ಹಣವೂ ಬೇಕು. ಊಟಿ ಇಲ್ಲಿಂದ ಸುಮಾರು 50 ಕಿಲೋಮೀಟರ್ ಬೆಟ್ಟದ ದಾರಿ.

ಆದರೆ ದೂರವೆಂದರೆ ಕಿಲೋಮೀಟರ್ ಮಾತ್ರವೇ? ತನ್ನ ಮಾತು ತಿಳಿಯದ, ತನ್ನನ್ನು ಕೀಳಾಗಿ ಕಾಣುವ ಕಡೆಗೆ ಯಾವ ಹೆಣ್ಣು ಮಗಳು ತಾನೇ ಹೋದಾಳು?

1987ರಲ್ಲಿ ವೈದ್ಯ ದಂಪತಿ ಡಾ. ರೂಪಾ ಮತ್ತು ಡಾ. ನಾರಾಯಣನ್ ದೇವದಾಸನ್ ಇಲ್ಲಿಗೆ ಬಂದರು. ಆದಿವಾಸಿಗಳ ಭೂಮಿ ಹಕ್ಕಿಗಾಗಿ ದುಡಿಯುತ್ತಿದ್ದ 'ಅಕಾರ್ಡ್' ಸಂಸ್ಥೆಯೊಂದಿಗೆ ಸೇರಿ ಅವರು ಮೊದಲು ಮಾಡಿದ್ದು ಹಾಡಿಗಳ ಯುವಕ ಯುವತಿಯರಿಗೆ ತರಬೇತಿ. ಬಸುರಿಯರ ಪರೀಕ್ಷೆ, ಮಕ್ಕಳ ಲಸಿಕೆ, ಭೇದಿಗೆ ಉಪ್ಪು ಸಕ್ಕರೆ ನೀರು, ಇವೆಲ್ಲ ಹಾಡಿಯವರ ಕೈಯಿಂದಲೇ ಮನೆಬಾಗಿಲಿಗೆ ಬಂದವು. ಆಮೇಲೆ ಜನರೇ ತಮಗೊಂದು ಆಸ್ಪತ್ರೆ ಬೇಕೆಂದರು. 1990ರಲ್ಲಿ ಗೂಡಲೂರು ಆದಿವಾಸಿ ಆಸ್ಪತ್ರೆ ಆರಂಭವಾಯಿತು. ಸ್ತ್ರೀರೋಗ ತಜ್ಞೆ ಡಾ. ಶೈಲಾದೇವಿ, ಶಸ್ತ್ರವೈದ್ಯ ಡಾ. ನಂದಕುಮಾರ್ ಮೆನನ್ ಅದನ್ನು ಕಟ್ಟಿ ಬೆಳೆಸಿದರು. ಆದಿವಾಸಿ ಹುಡುಗಿಯರೇ ಅಲ್ಲಿ ದಾದಿಯರಾಗಿ ತರಬೇತಿ ಪಡೆದರು. ಬಾಗಿಲಲ್ಲಿ ತನ್ನ ಮಾತನಾಡುವ ಮುಖ ಕಂಡಾಗ ಬಸುರಿಯ ಅರ್ಧ ಹೆದರಿಕೆ ಇಳಿಯುತ್ತದೆ.

ಇಲ್ಲಿನ ಹೆಂಗಸರಿಗೆ ಇನ್ನೊಂದು ಕಷ್ಟವೂ ಇದೆ, ಕುಡಗೋಲು ಕಣ ರಕ್ತಹೀನತೆ. ತಂದೆ ತಾಯಿಯರಿಂದ ಬರುವ ಈ ಕಾಯಿಲೆಯಲ್ಲಿ ಕೆಂಪು ರಕ್ತಕಣಗಳು ಬಾಗಿ ಗಡುಸಾಗಿ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು ವಿಪರೀತ ನೋವು ತರುತ್ತವೆ. ಬಸುರಿನಲ್ಲಿ ಅಪಾಯ ಹೆಚ್ಚು. ಬರೀ ಕಬ್ಬಿಣದ ಮಾತ್ರೆಯಿಂದ ಇದು ವಾಸಿಯಾಗದು. ರಕ್ತ ಪರೀಕ್ಷೆ ಮಾಡಿ ಗುರುತಿಸಬೇಕು, ಜೀವನವಿಡೀ ಜೊತೆಗಿರಬೇಕು. ಇದಕ್ಕಾಗಿ ಕೇಂದ್ರ ಸರ್ಕಾರ 2023ರಲ್ಲಿ ರಾಷ್ಟ್ರೀಯ ಅಭಿಯಾನ ಆರಂಭಿಸಿತು.

ಕಾಲ ಬದಲಾಗಿದೆ ನಿಜ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು, 2008ರಲ್ಲಿ ತಮಿಳುನಾಡಿಗೆ 108 ಆಂಬುಲೆನ್ಸ್ ಬಂತು. 2009ರಿಂದ ಬಂಡೀಪುರದ ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿದರೂ ಆಂಬುಲೆನ್ಸಿಗೆ ತಡೆಯಿಲ್ಲ. 2025ರಲ್ಲಿ ಊಟಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ದೊಡ್ಡ ಆಸ್ಪತ್ರೆಯೂ ತೆರೆಯಿತು. ಆದರೂ ಹಾಡಿಯಿಂದ ರಸ್ತೆಯವರೆಗಿನ ಆ ಕಾಲುದಾರಿ ಹಾಗೆಯೇ ಇದೆ. ಅಲ್ಲಿ ಕೈಹಿಡಿದು ನಡೆಸಲು ನೆರೆಯವರೇ ಬೇಕು.

ಪ್ರಿಯ ಕುಟುಂಬಗಳೇ, ಗಡಿನಾಡಿನ ನಮ್ಮ ಊರುಗಳಲ್ಲೂ ಇಂಥ ದಾರಿಗಳಿವೆ. ನಮ್ಮ ಬೀದಿಯಲ್ಲಿ, ತೋಟದ ಲೈನ್ ಮನೆಯಲ್ಲಿ ಬಸುರಿ ಇದ್ದಾಳೆಯೇ? ಕನಿಷ್ಠ 4 ಬಾರಿಯಾದರೂ ಅವಳ ಪರೀಕ್ಷೆ ಆಗಿದೆಯೇ? ದಿನ ತುಂಬುವ ಮೊದಲೇ ವಾಹನ ಗೊತ್ತುಮಾಡಿದ್ದಾರೆಯೇ? ರಕ್ತ ಬೇಕಾದರೆ ಕೊಡುವವರು ಯಾರು? ವೈದ್ಯರ ಭಾಷೆ ಬಾರದವಳ ಜೊತೆ ಒಂದು ದಿನ ಹೋಗಿ ಮಾತು ತಿಳಿಸುವವರು ಯಾರು? ಇದಕ್ಕೆ ದೊಡ್ಡ ಹಣ ಬೇಕಿಲ್ಲ, ಒಂದು ದಿನದ ಕೆಲಸ ಬಿಡುವ ಮನಸ್ಸು ಸಾಕು. ಆಶಾ ಕಾರ್ಯಕರ್ತೆಯನ್ನೋ ಗ್ರಾಮದ ನರ್ಸಮ್ಮನನ್ನೋ ಈ ವಾರವೇ ಕೇಳಿ ನೋಡೋಣ.