ಲ್ಯಾಪ್‌ಟಾಪ್ ತಗೊಳ್ಳೋ ಮುಂಚೆ ಒಂದು ಚೀಟಿ ಬರೀರಿ

ಜಾಲಹಳ್ಳಿ ಬಿಕಾಂ ಡೈರಿ, ಭಾಗ 9. ಸ್ವಲ್ಪ ಉದ್ದ ಇದೆ, ಸೇವ್ ಮಾಡ್ಕೊಂಡು ಮೆಟ್ರೋದಲ್ಲಿ ಓದಿ.

ಅಡ್ಮಿಷನ್ ಮುಗೀತಿದ್ದ ಹಾಗೇ ಜೂನಿಯರ್ಸ್ ಎಲ್ಲರದ್ದೂ ಒಂದೇ ಪ್ರಶ್ನೆ: "ಯಾವ ಲ್ಯಾಪ್‌ಟಾಪ್ ತಗೊಳ್ಳಲಿ?" ನಾನು ತಿರುಗಿ ಕೇಳೋದೂ ಒಂದೇ: "ಅದರಲ್ಲಿ ಏನು ಕೆಲಸ ಮಾಡ್ತೀರ?" ಇದಕ್ಕೆ ಉತ್ತರ ಕೊಡೋರು ಕಡಿಮೆ. ಬ್ರ್ಯಾಂಡು, ಬಣ್ಣ, ಎಷ್ಟು ತೆಳ್ಳಗಿದೆ, ಎಲ್ಲಾ ಗೊತ್ತಿರುತ್ತೆ. ಕೆಲಸ ಮಾತ್ರ ಗೊತ್ತಿರಲ್ಲ.

ಅದಕ್ಕೇ ಹೇಳೋದು, ಅಂಗಡಿಗೆ ಹೋಗೋ ಮುಂಚೆ ಒಂದು ಚೀಟಿ ಬರೀರಿ. ಮೊದಲ ಸಾಲಲ್ಲಿ ಕೆಲಸ. ಎರಡನೇ ಸಾಲಲ್ಲಿ ಆ ಕೆಲಸಕ್ಕೆ ಬೇಕಾದ ಸಾಫ್ಟ್‌ವೇರ್. ಮೂರನೇ ಸಾಲಲ್ಲಿ ಆ ಸಾಫ್ಟ್‌ವೇರ್ ಓಡೋ ಆಪರೇಟಿಂಗ್ ಸಿಸ್ಟಮ್. ಮೆಷಿನ್ ಯಾವುದು ಅನ್ನೋದು ನಾಲ್ಕನೇ ಸಾಲು. ಜಾಹೀರಾತು ನಮಗೆ ಇದನ್ನ ಉಲ್ಟಾ ಓದಿಸುತ್ತೆ, ಮೆಷಿನ್ ಮೊದಲು, ಕೆಲಸ ಕೊನೆಗೆ.

ನಮ್ಮ ಮನೇಲಿ ಈ ಲೆಕ್ಕ ಹಾಕಲೇಬೇಕಿತ್ತು. ಅಮ್ಮ ಎರಡು ವರ್ಷ ಕಟ್ಟಿದ ಚೀಟಿ ದುಡ್ಡು 40,000 ರೂಪಾಯಿ ಕೈಗೆ ಬಂದಿತ್ತು. ಅದರಲ್ಲೇ ನನ್ನ ಲ್ಯಾಪ್‌ಟಾಪ್ ಬರಬೇಕು, ಅದರಲ್ಲೇ ತಂಗಿ ಪಿಯುಸಿ ಫೀಸಿನ ಮೊದಲ ಕಂತೂ ಹೋಗಬೇಕು. ನಾನು ಜಾಸ್ತಿ ಖರ್ಚು ಮಾಡೋ ಒಂದೊಂದು ಸಾವಿರವೂ ತಂಗಿ ಪಾಲಿಂದ ಹೋಗೋದು. ಇಷ್ಟು ಗೊತ್ತಾದ ಮೇಲೆ ಶೋರೂಮಿನ ಗಾಜಿನ ಆಚೆ ಇರೋದೆಲ್ಲಾ ಸ್ವಲ್ಪ ಬೇರೆ ಥರ ಕಾಣುತ್ತೆ.

ನನ್ನ ಚೀಟಿಯ ಮೊದಲ ಸಾಲು ಹೀಗಿತ್ತು: ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ರಿಟರ್ನ್ ಪ್ರಾಕ್ಟೀಸ್, ಪಿಪಿಟಿ, ಕನ್ನಡ ಟೈಪಿಂಗ್. ಗೇಮ್ ಇಲ್ಲ, ವಿಡಿಯೋ ಎಡಿಟಿಂಗ್ ಇಲ್ಲ. ಬಿಕಾಂ ಅಂದ್ರೆ ಬಹುಪಾಲು ಇಷ್ಟೇ.

ಇದರಲ್ಲಿ ಒಂದೇ ಒಂದು ಹೆಸರು ಮೂರನೇ ಸಾಲನ್ನ ತೀರ್ಮಾನ ಮಾಡಿಬಿಡುತ್ತೆ: ಟ್ಯಾಲಿ. ಇದು ನಮ್ಮ ಬೆಂಗಳೂರಿನದ್ದೇ ಸಾಫ್ಟ್‌ವೇರ್. 1986ರಲ್ಲಿ ಎಸ್. ಎಸ್. ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಶುರು ಮಾಡಿದ್ದು. ತಮ್ಮ ವ್ಯಾಪಾರದ ಲೆಕ್ಕ ಇಡೋಕೆ ಸರಿಯಾದ ಸಾಫ್ಟ್‌ವೇರ್ ಸಿಗದೆ ಮಗನ ಕೈಲೇ ಬರೆಸಿದ್ರು. ಆಗ ಅದು ಎಂಎಸ್-ಡಾಸ್‌ನಲ್ಲಿ ಓಡ್ತಿತ್ತು, ಆಮೇಲೆ ವಿಂಡೋಸ್‌ಗೆ ಬಂತು. ಇವತ್ತಿಗೂ ಟ್ಯಾಲಿಪ್ರೈಮ್ ಇನ್‌ಸ್ಟಾಲ್ ಆಗೋದು ವಿಂಡೋಸ್ ಮೇಲೇನೇ. ಮ್ಯಾಕ್‌ಗೆ, ಲಿನಕ್ಸ್‌ಗೆ ಅಂತ ಬೇರೆ ಮಾಡಿಲ್ಲ. ಕಲಿಯೋಕೆ ಲೈಸೆನ್ಸ್ ಕೊಳ್ಳೋದೂ ಬೇಡ. ಎಜುಕೇಶನಲ್ ಮೋಡ್ ಫ್ರೀ. ತಿಂಗಳ 1, 2 ಮತ್ತು 31ನೇ ತಾರೀಖಿಗೆ ಮಾತ್ರ ವೋಚರ್ ಹಾಕಬಹುದು ಅಷ್ಟೇ. ಪರೀಕ್ಷೆಗೆ ಅದು ಧಾರಾಳ ಸಾಕು.

ಜಿಎಸ್‌ಟಿ ಕಥೇನೂ ಹೀಗೇ. ಪೋರ್ಟಲ್ ಯಾವ ಬ್ರೌಸರ್‌ನಲ್ಲಾದರೂ ತೆರೆಯುತ್ತೆ. ಆದರೆ ರಿಟರ್ನ್ ತಯಾರು ಮಾಡೋ ಆಫ್‌ಲೈನ್ ಟೂಲ್ ವಿಂಡೋಸ್ ಮತ್ತು ಎಕ್ಸೆಲ್ ನಂಬಿಕೊಂಡಿದೆ. ನಾಳೆ ಯಾವುದಾದರೂ ಆಡಿಟರ್ ಆಫೀಸಲ್ಲಿ ಕೆಲಸಕ್ಕೆ ಸೇರಿದರೂ ಮೇಜಿನ ಮೇಲೆ ಇರೋದು ಇವೇ.

ಹಾಗಾದ್ರೆ ಮ್ಯಾಕ್‌ಬುಕ್? ಒಳ್ಳೇ ಮೆಷಿನ್, ಅನುಮಾನವೇ ಇಲ್ಲ. ಆದರೆ ಟ್ಯಾಲಿ ಬೇಕು ಅಂದ್ರೆ ಅದರೊಳಗೆ ಮತ್ತೆ ವಿಂಡೋಸ್ ಕೂರಿಸಬೇಕು. ದುಬಾರಿ ಮನೆ ಕಟ್ಟಿಸಿ ಅಡುಗೆ ಮನೆ ಮಾತ್ರ ಬಾಡಿಗೆಗೆ ತಗೊಂಡ ಹಾಗೆ. ಕ್ರೋಮ್‌ಬುಕ್ ಅಗ್ಗ, ಹಗುರ, ನೋಟ್ಸ್ ಓದೋಕೆ ಚೆಂದ. ಟ್ಯಾಲಿ ಪೇಪರ್ ಬಂದ ಸೆಮಿಸ್ಟರ್‌ನಲ್ಲಿ ಕೈಕೊಡುತ್ತೆ.

ಇನ್ನೊಂದು ನಮ್ಮ ಏರಿಯಾ ಪಕ್ಕದಲ್ಲೇ ಬಿಡುಗಡೆ ಆಗಿದ್ದು. ನವೆಂಬರ್ 2025ರ ಬೆಂಗಳೂರು ಟೆಕ್ ಸಮ್ಮಿಟ್ ನೆನಪಿದೆಯಾ? ಜಾಲಹಳ್ಳಿಯಿಂದ ಗ್ರೀನ್ ಲೈನ್ ಹತ್ತಿ ಕೊನೇ ಸ್ಟೇಷನ್ ಮಾದಾವರದಲ್ಲಿ ಇಳಿದರೆ ಸಿಗೋ ಬಿಐಇಸಿಯಲ್ಲಿ ನಡೀತಲ್ಲ, ಅಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ 'ಕಿಯೋ' ಅನ್ನೋ ಪುಟ್ಟ ಕಂಪ್ಯೂಟರ್ ತಂತು. ಬೆಲೆ 18,999 ರೂಪಾಯಿ, ಒಳಗೆ ಲಿನಕ್ಸ್. ಬಡ ಮನೆಯ ಮಕ್ಕಳಿಗೂ ಕಂಪ್ಯೂಟರ್ ಸಿಗಲಿ ಅನ್ನೋ ಉದ್ದೇಶ ನನಗೆ ತುಂಬಾ ಇಷ್ಟ ಆಯ್ತು. ಆದರೆ ಅದರ ಪ್ರೊಸೆಸರ್ ರಿಸ್ಕ್-ಫೈವ್ ಅನ್ನೋ ಬೇರೆ ಜಾತಿಯದ್ದು, ಅದಕ್ಕೆ ವಿಂಡೋಸ್ ಇಲ್ಲ. ಕೋಡಿಂಗ್ ಕಲಿಯೋ ತಮ್ಮನಿಗೆ ನೋಡಬಹುದು. ಬಿಕಾಂ ಚೀಟಿಗೆ ಕೂರಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಲಿನಕ್ಸ್ ಅಂದ್ರೆ ಬರೀ ಎಂಜಿನಿಯರಿಂಗ್‌ನವರದ್ದು ಅಂದ್ಕೋಬೇಡಿ. ಕಾಸರಗೋಡಿನ ಕನ್ನಡ ಮೀಡಿಯಂ ಶಾಲೆಗಳನ್ನ ನೋಡಿ. ಕೇರಳ ಸರ್ಕಾರದ 'ಕೈಟ್' ಸಂಸ್ಥೆ ಉಬುಂಟು ಇಟ್ಟುಕೊಂಡು ಶಾಲೆಗಳಿಗೇ ಅಂತ ಒಂದು ಆಪರೇಟಿಂಗ್ ಸಿಸ್ಟಮ್ ಮಾಡಿದೆ. ಅಲ್ಲಿನ ಹೈಸ್ಕೂಲ್ ಮಕ್ಕಳು ಕನ್ನಡದಲ್ಲೇ ಅಚ್ಚಾದ ಐಸಿಟಿ ಪುಸ್ತಕ ಓದ್ಕೊಂಡು, ಅದರ ಮೇಲೆ ಲಿಬ್ರೆಆಫೀಸ್, ಜಿಯೋಜೀಬ್ರಾ ಕಲೀತಾರೆ. ಲೈಸೆನ್ಸ್‌ಗೆ ಅಂತ ಕಾಸು ಕೊಡೋ ಹಾಗಿಲ್ಲ. ಅಲ್ಲಿ ಕೆಲಸ ಮೊದಲು ತೀರ್ಮಾನ ಆಯ್ತು, ಆಮೇಲೆ ಅದಕ್ಕೆ ತಕ್ಕ ಸಿಸ್ಟಮ್ ಬಂತು. ನಮ್ಮ ಕೆಲಸ ಬೇರೆ, ಉತ್ತರವೂ ಬೇರೆ. ಲೆಕ್ಕ ಹಾಕೋ ರೀತಿ ಮಾತ್ರ ಒಂದೇ.

ಮಧ್ಯೆ ಒಂದು ಖುಷಿ ವಿಷ್ಯ. ಲಿನಕ್ಸ್‌ನಲ್ಲಿ ಕನ್ನಡ ಕೀಬೋರ್ಡ್ ಹುಡುಕಿದರೆ 'ಕಗಪ' ಅಂತ ಒಂದು ಸಿಗುತ್ತೆ. ಅದು ಕನ್ನಡ ಗಣಕ ಪರಿಷತ್ತಿನ ಮೊದಲ ಅಕ್ಷರಗಳು, ನುಡಿ ಸಾಫ್ಟ್‌ವೇರ್ ಮಾಡಿದವರು. ವಿಂಡೋಸ್‌ನಲ್ಲೂ ಕನ್ನಡ ಕೀಬೋರ್ಡ್ ಒಳಗೇ ಇದೆ, ಸೆಟ್ಟಿಂಗ್ಸ್‌ನಲ್ಲಿ ಭಾಷೆ ಸೇರಿಸಿದರೆ ಆಯ್ತು. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೇ ನುಡಿ ಫಾಂಟ್‌ನಲ್ಲಿ ಮಾಡಿದ ಅಸೈನ್‌ಮೆಂಟ್ ಫೋನ್‌ನಲ್ಲಿ ತೆಗೆದರೆ ಇರುವೆ ಸಾಲಿನ ಹಾಗೆ ಕಾಣುತ್ತೆ.

ಸರಿ, ಮೂರನೇ ಸಾಲು ವಿಂಡೋಸ್ 11 ಅಂತ ಆಯ್ತು. ನಾಲ್ಕನೇ ಸಾಲಿಗೆ ನಾನು ಬರೆದಿದ್ದು: ಆಫೀಸಿನಲ್ಲಿ ಬಳಸಿ ಬಿಟ್ಟ, ರಿಪೇರಿ ಮಾಡಿ ಮಾರೋ ಲ್ಯಾಪ್‌ಟಾಪ್. ಎಂಟನೇ ಜನರೇಶನ್ ಐ5, 16 ಜಿಬಿ ರ್‍ಯಾಮ್, 256 ಜಿಬಿ ಎಸ್‌ಎಸ್‌ಡಿ.

ಅಪ್ಪ ಒಪ್ಪಲಿಲ್ಲ. "ಹಳೇದು ಯಾಕೆ? ಸಾಲ ಮಾಡಿಯಾದ್ರೂ ಹೊಸದು ಕೊಡಿಸ್ತೀನಿ. ಫ್ರೆಂಡ್ಸ್ ಮುಂದೆ ನಿನಗೆ ಕಮ್ಮಿ ಆಗಬಾರದು" ಅಂದ್ರು. ಅವರು ಪೀಣ್ಯದಲ್ಲಿ ಒಂದು ವರ್ಕ್‌ಶಾಪಲ್ಲಿ ಟರ್ನರ್. ಈ ಮಾತಿನ ಹಿಂದೆ ಇದ್ದಿದ್ದು ಪ್ರೀತಿ ಅಂತ ನನಗೆ ಗೊತ್ತು, ಅದಕ್ಕೇ ವಾದ ಮಾಡೋದು ಕಷ್ಟ ಆಯ್ತು. "ಅಪ್ಪಾ, ನೀವು ಕೆಲಸ ಮಾಡೋ ಲೇತ್ ಎಷ್ಟು ವರ್ಷದ್ದು?" ಅಂತ ಕೇಳಿದೆ. "ಎಚ್‌ಎಂಟಿದು, ನಾನು ಸೇರೋಕೆ ಮುಂಚಿಂದಾನೂ ಇದೆ. ಯಾಕೆ?" ಅಂದ್ರು. "ಅದನ್ನ ಯಾಕೆ ಬದಲಾಯಿಸಿಲ್ಲ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೆಡ್ ಸವೆದಿಲ್ಲ, ಜಾಬ್ ಸರಿಯಾಗಿ ಬರ್ತಿದೆ" ಅಂದ್ರು. ಅಮ್ಮ ಒಳಗಿಂದ್ಲೇ, "ಹಾಗಾದ್ರೆ ಇದನ್ನೂ ನೀವೇ ಹೋಗಿ ಬೆಡ್ ಸವೆದಿದೆಯಾ ನೋಡ್ಕೊಂಡು ಬನ್ನಿ" ಅಂದ್ಲು. ಮುಂದಿನ ಶನಿವಾರ ಅಪ್ಪನೂ ನಾನೂ ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ಎಸ್‌ಪಿ ರೋಡಿಗೆ ನಡೆದ್ವಿ. ನಾಲ್ಕು ಅಂಗಡಿ ಸುತ್ತಿ 25,000ಕ್ಕೆ ತಂದ್ವಿ. ಉಳಿದ 15,000 ತಂಗಿ ಫೀಸಿಗೆ ಹೋಯ್ತು. ಸಾಲ ಮಾಡಲಿಲ್ಲ.

ನೀವೂ ಸೆಕೆಂಡ್ ಹ್ಯಾಂಡ್ ನೋಡೋದಾದ್ರೆ ಇಷ್ಟು ಚೆಕ್ ಮಾಡಿ:

1. ಪ್ರೊಸೆಸರ್ ಹೆಸರು. ಐ5-8250ಯು ಅಂತ ಇದ್ದರೆ ಗೆರೆ ಆದಮೇಲಿನ 8 ಜನರೇಶನ್ ಹೇಳುತ್ತೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಸಪೋರ್ಟ್ 14 ಅಕ್ಟೋಬರ್ 2025ಕ್ಕೆ ಮುಗೀತು. ಇಂಟೆಲ್‌ನಲ್ಲಿ 11ಕ್ಕೆ ಸಾಮಾನ್ಯವಾಗಿ ಎಂಟನೇ ಜನರೇಶನ್ ಅಥವಾ ಮೇಲಿನದು ಬೇಕು. ಆರು, ಏಳು ತುಂಬಾ ಅಗ್ಗಕ್ಕೆ ಸಿಗೋದು ಅದಕ್ಕೇ.

2. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಆಕ್ಟಿವೇಶನ್. ವಿಂಡೋಸ್ ಆಕ್ಟಿವ್ ಅಂತ ಬರಬೇಕು. "ಆಮೇಲೆ ಹಾಕ್ಕೊಡ್ತೀವಿ" ಅಂದ್ರೆ ಎದ್ದು ಬನ್ನಿ.

3. ಹಾರ್ಡ್ ಡಿಸ್ಕ್ ಬೇಡ, ಎಸ್‌ಎಸ್‌ಡಿ ಇರಲಿ.

4. ಕೀಬೋರ್ಡಿನ ಪ್ರತಿ ಕೀ ಒತ್ತಿ. ಪ್ರತಿ ಯುಎಸ್‌ಬಿಗೂ ಪೆನ್‌ಡ್ರೈವ್ ಹಾಕಿ. ಚಾರ್ಜರ್ ತೆಗೆದು ಅರ್ಧ ಗಂಟೆ ಅಲ್ಲೇ ಓಡಿಸಿ.

5. ಜಿಎಸ್‌ಟಿ ನಂಬರ್ ಇರೋ ಬಿಲ್, ವಾರಂಟಿ ಬರವಣಿಗೆಯಲ್ಲಿ. ಬಿಕಾಂ ಓದ್ಕೊಂಡು ಬಿಲ್ ಇಲ್ದೆ ತಂದ್ರೆ ನಾಚಿಕೆಗೇಡು ಗುರು 😄

ಮನೇಲಿ ಈಗಾಗಲೇ ಆರು, ಏಳನೇ ಜನರೇಶನ್ ಲ್ಯಾಪ್‌ಟಾಪ್ ಇದೆಯಾ? ಎಸೀಬೇಡಿ. ಲಿನಕ್ಸ್ ಮಿಂಟ್ ಹಾಕಿದರೆ ನೋಟ್ಸ್, ಪಿಪಿಟಿ, ಆನ್‌ಲೈನ್ ಕ್ಲಾಸ್‌ಗೆ ಇನ್ನೂ ವರ್ಷಗಟ್ಟಲೆ ಬರುತ್ತೆ. ಟ್ಯಾಲಿ ಕಾಲೇಜು ಲ್ಯಾಬಲ್ಲಿ ಮಾಡಿ. ಏನೂ ಕೊಳ್ಳೋಕೆ ಆಗಲ್ಲ ಅನ್ನೋರು ಮೊದಲ ಸೆಮ್‌ಗೆ ಅವಸರ ಪಡಬೇಡಿ. ಟ್ಯಾಲಿ ಪೇಪರ್ ಯಾವ ಸೆಮ್‌ಗೆ ಬರುತ್ತೆ ಅಂತ ಸಿಲಬಸ್ ನೋಡಿ, ಅಲ್ಲಿವರೆಗೆ ಫೋನು, ಲ್ಯಾಬು, ಫ್ರೆಂಡ್ ಪಕ್ಕದ ಸೀಟು ನಡೆಯುತ್ತೆ. ಲ್ಯಾಪ್‌ಟಾಪ್ ಇಲ್ಲ ಅನ್ನೋದನ್ನ ಮುಚ್ಚಿಡೋ ಅಗತ್ಯವೂ ಇಲ್ಲ. ನಮ್ಮ ಕ್ಲಾಸಲ್ಲಿ ನಿಮ್ಮ ಹಾಗೆ ಇನ್ನೂ ಇದ್ದಾರೆ, ಹೇಳ್ಕೊಂಡಿಲ್ಲ ಅಷ್ಟೇ.

ಅಪ್ಪ-ಅಮ್ಮ ನಮ್ಮ ಮುಖ ಬಾಡಬಾರದು ಅಂತ ಕೇಳಿದ್ದಕ್ಕಿಂತ ದೊಡ್ಡದನ್ನೇ ಕೊಡಿಸೋಕೆ ಹೋಗ್ತಾರೆ. ಇದು ಸಾಕು ಅಂತ ಅವರಿಗೆ ಲೆಕ್ಕ ಸಮೇತ ತೋರಿಸೋದು ನಮ್ಮ ಕೆಲಸ. ಲೆಕ್ಕ ಓದೋ ಮಕ್ಕಳಲ್ವಾ ನಾವು.

ಇವತ್ತೇ ಆ ನಾಲ್ಕು ಸಾಲು ಬರೆದು ಫೋಟೋ ಕಳಿಸಿ, ಒಂದೊಂದಾಗಿ ನೋಡಿ ಹೇಳ್ತೀನಿ. ಮುಂದಿನ ಭಾಗ: ಎಕ್ಸೆಲ್‌ನಲ್ಲಿ ಮನೆ ಖರ್ಚಿನ ಲೆಕ್ಕ.

#ಜಾಲಹಳ್ಳಿಬಿಕಾಂಡೈರಿ #ಕನ್ನಡದಲ್ಲಿಟೆಕ್ #ಬಿಕಾಂಲೈಫ್